ನಾಯಿ ಪಾಲು

ಬೆಳ್ಳಾರೆ ಪೇಟೆಯಲ್ಲಿ ಸರ್ವೋತ್ತಮ ರೈಗಳ ಒಣಮೀನಿನ ಅಂಗಡಿಗೆ ಎರಡು ಬಾಗಿಲು. ಎದುರಿನ ಬಾಗಿಲಲ್ಲಿ ಹಲಗೆಯ ಮೇಲೆ ಬಂಗುಡೆ, ನಂಗು, ಸಿಗಡಿ ಜೋಡಿಸಿಟ್ಟಿರುತ್ತಿದ್ದರು. ಕೈಯಲ್ಲಿ ನಾಲ್ಕು ಕಾಸು ಆಡುವವರು ಅಲ್ಲಿ ನಿಂತು ಮೂಸಿ, ಮುರಿದು, ಚೌಕಾಸಿ ಮಾಡಿ ಕೊಳ್ಳುತ್ತಿದ್ದರು. ಹಿಂದಿನ ಬಾಗಿಲಲ್ಲಿ ಗೋಣಿ ಹಾಸಿ ಒಂದು ರಾಶಿ ಸುರಿದಿರುತ್ತಿತ್ತು. ಉದುರಿದ ತಲೆ, ಮುರಿದ ಬಾಲ, ಮೂಟೆಯ ತಳದಲ್ಲಿ ಉಳಿದ ನುಚ್ಚು. ಅದಕ್ಕೆ ನಾಯಿ ಪಾಲು ಎಂದು ಹೆಸರು. ಎದುರಿನ ಬಾಗಿಲಿನ ಮೀನಿಗೆ ಹೋಲಿಸಿದರೆ ಅದರ ಬೆಲೆ ಬೆಲೆಯೇ ಅಲ್ಲ.

ಹೆಸರೇನೋ ನಾಯಿಯದ್ದು, ತಿನ್ನುತ್ತಿದ್ದವರು ಮಾತ್ರ ಮನುಷ್ಯರು. ಐವತ್ತರ ದಶಕದ ಆ ವರ್ಷಗಳಲ್ಲಿ ಸುಳ್ಯ, ಬೆಳ್ಳಾರೆ, ಕಡಬದ ಸುತ್ತ ಇದು ಗೊತ್ತಿಲ್ಲದವರಿರಲಿಲ್ಲ, ಬಾಯಿ ಬಿಟ್ಟು ಹೇಳಿದವರೂ ಇರಲಿಲ್ಲ. ಹಸಿವು ಇಲ್ಲದ ಮನೆ ಯಾವುದು? ಆದರೆ ಹಸಿವು ಉಂಟು ಎಂದು ಹೇಳಿಕೊಳ್ಳುವ ಮನೆ ಒಂದೂ ಇಲ್ಲ. ಹಾಗಾಗಿ ಹೆಂಗಸರು ಸೆರಗು ಸರಿಮಾಡಿಕೊಂಡು ಅಂಗಡಿಯ ಹಿಂದೆ ಬಂದು, ನಾಯಿಗೆ ಸ್ವಲ್ಪ ಬೇಕಿತ್ತು ಎನ್ನುತ್ತಿದ್ದರು. ಪಕ್ಕದಲ್ಲಿ ನಿಂತವಳು ಅದನ್ನು ಕೇಳಿಸಿಕೊಂಡು ಆಕಾಶ ನೋಡುತ್ತಿದ್ದಳು. ಆಮೇಲೆ ಅವಳ ಸರದಿ ಬಂದಾಗ ಇವಳು ಆಕಾಶ ನೋಡುತ್ತಿದ್ದಳು.

ರೈಗಳು ಬಹಳ ಒಳ್ಳೆಯವರು ಎಂದೇ ಆಗ ಎಲ್ಲರ ಮಾತು. ಹಿಂದಿನ ಬಾಗಿಲಿಗೆ ಹೆಂಗಸರು ಬಂದರೆ ಆಳನ್ನು ಕಳಿಸದೆ ತಾವೇ ಎದ್ದು ಬರುತ್ತಿದ್ದರು. ಮುಖ ನೋಡುತ್ತಿರಲಿಲ್ಲ. ತಕ್ಕಡಿಯ ಮುಳ್ಳು ನೋಡುತ್ತಾ, ನಾಯಿಗಾ ಅಕ್ಕ ಎಂದು ಮೊದಲೇ ಕೇಳಿಬಿಡುತ್ತಿದ್ದರು. ಬಂದವಳು ಹ್ಞೂಂ ಎಂದರೆ ಸಾಕಿತ್ತು. ತೇಗದ ಎಲೆಯಲ್ಲಿ ಕಟ್ಟಿಕೊಡುವಾಗ ಒಮ್ಮೊಮ್ಮೆ ಧ್ವನಿ ತಗ್ಗಿಸಿ, ಈ ಸಲ ಉಪ್ಪು ಜಾಸ್ತಿ ಉಂಟು, ಎರಡು ಸಲ ತೊಳೆದು ಹುಳಿ ಸ್ವಲ್ಪ ಹೆಚ್ಚು ಹಾಕಿ ಎಂದೂ ಹೇಳುತ್ತಿದ್ದರು. ಹುಳಿ ಹಾಕಿಸಿಕೊಂಡು ಉಣ್ಣುವ ನಾಯಿ ಯಾವ ಸೀಮೆಯದ್ದು ಎಂದು ಯಾರೂ ಕೇಳಲಿಲ್ಲ. ಆ ಒಂದು ಮರ್ಯಾದೆಗಾಗಿಯೇ ಹೆಂಗಸರು ಬೇರೆ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ.

ಆಲೆಟ್ಟಿಯ ಬಾಳೆಕೋಡಿ ಮನೆಯ ದುಗ್ಗಮ್ಮನೂ ಅವರಲ್ಲಿ ಒಬ್ಬಳು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಮನೆಯಲ್ಲಿ ಅವಳು, ಮದುವೆಗೆ ಬಂದ ಮಗಳು ಲೋಲಾಕ್ಷಿ, ಮತ್ತು ಗಂಡನ ಅಣ್ಣ ಮೇದಪ್ಪ. ಬಾಳೆಕೋಡಿ ಎಂದರೆ ಒಂದು ಕಾಲಕ್ಕೆ ಹತ್ತು ಊರಿನ ಪಂಚಾಯಿತಿ ಕೂರುತ್ತಿದ್ದ ಮನೆ. ಈಗ ಪಂಚಾಯಿತಿಯೂ ಇಲ್ಲ, ಕೂರಿಸಿ ಊಟ ಹಾಕುವ ಶಕ್ತಿಯೂ ಇಲ್ಲ. ಆದರೆ ಮೇದಪ್ಪನಿಗೆ ಅದನ್ನು ಯಾರೂ ತಿಳಿಸಿದ ಹಾಗೆ ಕಾಣುವುದಿಲ್ಲ. ಚಾವಡಿಯಲ್ಲಿ ಕಾಲು ಚಾಚಿ ಕೂತು, ನಮ್ಮ ಮನೆ ಅಂದರೆ ಎಂತ ಮನೆ ಎಂದು ಶುರು ಮಾಡಿದರೆ ಊಟಕ್ಕೆ ಎಬ್ಬಿಸುವ ತನಕ ನಿಲ್ಲಿಸುತ್ತಿರಲಿಲ್ಲ. ಊಟಕ್ಕೆ ಕೂತ ಮೇಲೆ ಒಣಮೀನಿನ ಚಟ್ನಿಯನ್ನು ಮಾತ್ರ ಎರಡೆರಡು ಸಲ ಹಾಕಿಸಿಕೊಳ್ಳುತ್ತಿದ್ದ. ಅದು ಎಲ್ಲಿಂದ ಬಂತು ಎಂದು ಯಾವತ್ತೂ ಕೇಳಿದವನಲ್ಲ.

ದುಗ್ಗಮ್ಮ ಹತ್ತಿರದ ಸುಳ್ಯ ಬಿಟ್ಟು ಬೆಳ್ಳಾರೆಗೆ ಬಸ್ಸು ಹತ್ತುತ್ತಿದ್ದುದಕ್ಕೆ ಕಾರಣ ಇಷ್ಟೇ: ಸುಳ್ಯದಲ್ಲಿ ಅವಳನ್ನು ಬಾಳೆಕೋಡಿಯವಳು ಎಂದು ಗುರುತಿಸದ ಕಲ್ಲೂ ಇರಲಿಲ್ಲ. ಬೆಳ್ಳಾರೆಯಲ್ಲಾದರೆ ರೈಗಳೊಬ್ಬರಿಗೆ ಗೊತ್ತು, ರೈಗಳು ಮುಖ ನೋಡುವವರಲ್ಲ. ಬಸ್ಸಿನಲ್ಲಿ ಅವಳಿಗೆ ಜೊತೆ ನೆರೆಯ ಬೀಫಾತುಮ್ಮ. ಅವಳು ತರುತ್ತಿದ್ದುದು ಬೆಕ್ಕಿಗೆ. ಬೀಫಾತುಮ್ಮನ ಬೆಕ್ಕು ಎಷ್ಟು ತಿಂದರೂ ಮೂಳೆ ಮೂಳೆಯಾಗಿಯೇ ಇತ್ತು, ಪಾಪ.

ಬಾಳೆಕೋಡಿಯಲ್ಲಿ ಮೊದಲು ಇದ್ದ ನಾಯಿಯನ್ನು ಒಂದು ಮಳೆಗಾಲದಲ್ಲಿ ಚಿರತೆ ಹೊತ್ತುಕೊಂಡು ಹೋಗಿತ್ತು. ಸುದ್ದಿ ಹೇಗೋ ಬೆಳ್ಳಾರೆ ಮುಟ್ಟಿತು. ಮುಂದಿನ ಸಲ ದುಗ್ಗಮ್ಮ ಹೋದಾಗ ರೈಗಳು ಅಯ್ಯೋ, ಒಳ್ಳೆ ನಾಯಿ ಆಗಿತ್ತಂತೆ ಅಲ್ವಾ ಎಂದು ಲೊಚಗುಟ್ಟಿದರು. ದುಗ್ಗಮ್ಮ ಖಾಲಿ ಚೀಲ ಹಿಡಿದು ಬೆವರಿದಳು. ಇನ್ನು ಎಂತ ಹೇಳಿ ಕೇಳುವುದು ಎಂದು ಅವಳು ಒದ್ದಾಡುತ್ತಿರುವಾಗಲೇ ರೈಗಳು ತಕ್ಕಡಿ ಎತ್ತಿ, ನಾಯಿಗಾ ಅಕ್ಕ ಎಂದರು. ಆ ದಿನ ಬಸ್ಸಿನಲ್ಲಿ ಅವಳಿಗೆ ಅಳು ಬಂದಿತ್ತು. ದೇವರಂಥ ಮನುಷ್ಯ ಎಂದು ಬೀಫಾತುಮ್ಮನ ಹತ್ತಿರ ಹೇಳಿಕೊಂಡಳು. ದಾಸು ಎಂಬ ಹೊಸ ನಾಯಿಮರಿ ಮನೆಗೆ ಬಂದದ್ದು ಅದಾಗಿ ಎರಡು ಮಳೆಗಾಲ ಕಳೆದ ಮೇಲೆ.

ಐವತ್ತೆಂಟರ ಬೇಸಿಗೆಯಲ್ಲಿ, ಸುಗ್ಗಿ ತಿಂಗಳಲ್ಲಿ ತಂದ ನಾಯಿ ಪಾಲು ಸ್ವಲ್ಪ ಬೆಳ್ಳಗಿತ್ತು. ಉಪ್ಪು ಇರಬೇಕು ಎಂದುಕೊಂಡಳು ದುಗ್ಗಮ್ಮ. ಒಂದು ಥರದ ಘಾಟು ಕೂಡ ಇತ್ತು. ಒಣಮೀನು ಮಲ್ಲಿಗೆಯ ಹಾಗೆ ನಾರುವುದುಂಟೇ ಎಂದು ಸುಮ್ಮನಾದಳು. ಎಂದಿನಂತೆ ತಲೆಗಳನ್ನೆಲ್ಲ ಆರಿಸಿ ಅಂಗಳಕ್ಕೆ ಎಸೆದಳು, ಅದು ದಾಸುವಿನ ಪಾಲು. ಉಳಿದದ್ದನ್ನು ನೀರಿಗೆ ಹಾಕಿ ಮಸಾಲೆ ಕಡೆಯಲು ಕೂತಳು. ಕಡೆದು ಮುಗಿದಿರಲಿಲ್ಲ, ಅಂಗಳದಲ್ಲಿ ಲೋಲಾಕ್ಷಿ ಕೂಗಿದಳು. ದಾಸು ನೆಲದಲ್ಲಿ ಬಿದ್ದು ಬಾಯಲ್ಲಿ ನೊರೆ ಬಿಡುತ್ತಾ ನಾಲ್ಕು ಕಾಲೂ ಸೆಟೆದುಕೊಂಡು ನಡುಗುತ್ತಿತ್ತು. ಮೈ ಹಿಡಿದರೆ ನಿಲ್ಲುವ ನಡುಕ ಅಲ್ಲ ಅದು. ದುಗ್ಗಮ್ಮ ಅದರ ತಲೆಯನ್ನು ಮಡಿಲಲ್ಲಿಟ್ಟುಕೊಂಡಳು. ಸಂಜೆಯೊಳಗೆ ಪ್ರಾಣ ಹೋಯಿತು.

ನೀರಿನಲ್ಲಿದ್ದ ಮೀನನ್ನು ಅವಳು ಕೈಯಿಂದ ಮುಟ್ಟದೆ ಪಾತ್ರೆ ಸಮೇತ ತೆಗೆದು ಬದಿಗಿಟ್ಟಳು. ಆಗ ನೆನಪಾಯಿತು ಬೀಫಾತುಮ್ಮ. ಓಡಿ ಹೋಗಿ ನೋಡಿದರೆ ಮನೆಗೆ ಬೀಗ. ಉಂಡು ಕೈ ತೊಳೆಯುವಾಗ ಬಿದ್ದಳಂತೆ, ಹಲ್ಲು ಕಚ್ಚಿಕೊಂಡಳಂತೆ, ಪುತ್ತೂರಿನ ಆಸ್ಪತ್ರೆಗೆ ಜೀಪಿನಲ್ಲಿ ಹಾಕಿಕೊಂಡು ಹೋದರಂತೆ.

ಬೀಫಾತುಮ್ಮ ಬದುಕಿಕೊಂಡಳು. ದುಗ್ಗಮ್ಮ ನೋಡಲು ಹೋದಾಗ ಕೈ ಇನ್ನೂ ನಡುಗುತ್ತಿತ್ತು, ಲೋಟ ಹಿಡಿದರೆ ನೀರು ಎದೆ ಮೇಲೆ. ಡಾಕ್ಟರ ಹತ್ತಿರ ಎಂತ ಹೇಳಿದ್ದಿ ಎಂದು ದುಗ್ಗಮ್ಮ ಕೇಳಿದಳು. ಅಣಬೆ ತಿಂದೆ ಅಂತ ಹೇಳಿದೆ ಎಂದಳು ಬೀಫಾತುಮ್ಮ, ಗೋಡೆ ಕಡೆ ತಿರುಗಿ.

"ಸುಗ್ಗಿ ತಿಂಗಳಲ್ಲಿ ಅಣಬೆ ಎಲ್ಲಿಂದ ಬಂತು ಮಾರಾಯ್ತಿ?"

ದುಗ್ಗಮ್ಮನಿಗೆ ಮೊದಲು ನಗು ಬಂತು, ಆಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಸಾಯುವಾಗಲೂ ಸುಳ್ಳು ಹೇಳಿಕೊಂಡು ಸಾಯಬೇಕಾ ನಾವು? ಆ ವಾರ ಬೆಳ್ಳಾರೆಯ ಸುತ್ತ ನಾಯಿಗಳು, ಬೆಕ್ಕುಗಳು ಸತ್ತ ಸುದ್ದಿ ಊರೂರಿನಿಂದ ಬರುತ್ತಿತ್ತು. ಮನುಷ್ಯರಿಗೆ ಹುಷಾರಿಲ್ಲದ ಸುದ್ದಿಯೂ ಬರುತ್ತಿತ್ತು, ಆದರೆ ಅದೆಲ್ಲ ಅಣಬೆ, ಹಳೆ ಗಂಜಿ, ಯಾರದೋ ಕಣ್ಣುದೃಷ್ಟಿ.

ಪಾತ್ರೆಯಲ್ಲಿದ್ದ ಮೀನನ್ನು ಎಲೆಯಲ್ಲಿ ಕಟ್ಟಿಕೊಂಡು ದುಗ್ಗಮ್ಮ ಪುತ್ತೂರಿನ ದರ್ಬೆಗೆ ಹೋದಳು. ಅಲ್ಲಿ ಮಾಳಿಗೆಯ ಮೇಲೆ ಆಹಾರ ತಪಾಸಣೆಯ ಇನ್ಸ್‌ಪೆಕ್ಟರು ಉದಯಶಂಕರ ಎಂಬವರ ಕಚೇರಿ. ಕಲಬೆರಕೆ ತಡೆಯುವ ಹೊಸ ಕಾನೂನು ಬಂದು ಆಗಿನ್ನೂ ಹೆಚ್ಚು ವರ್ಷ ಆಗಿರಲಿಲ್ಲ. ಅವರು ಅಷ್ಟರ ತನಕ ಹಿಡಿದಿದ್ದೆಲ್ಲ ನೀರು ಹಾಕಿದ ಹಾಲನ್ನು. ದುಗ್ಗಮ್ಮ ಅವರ ಮೇಜಿನ ಮೇಲೆ ಪೊಟ್ಟಣ ಬಿಚ್ಚಿದಳು. ಇನ್ಸ್‌ಪೆಕ್ಟರು ಕುರ್ಚಿ ಸಮೇತ ಹಿಂದೆ ಸರಿದರು. ಇದು ತಿಂದು ನನ್ನ ನಾಯಿ ಸತ್ತಿತು, ನೋಡಿ ಎಂದಳು.

ಉದಯಶಂಕರ ಮೂಗು ಮುಚ್ಚಿಕೊಂಡರೂ ಬುದ್ಧಿ ಮುಚ್ಚಿಕೊಂಡವರಲ್ಲ. ಮರುದಿನವೇ ಇಬ್ಬರು ಪಂಚರನ್ನು ಕರೆದುಕೊಂಡು ಬೆಳ್ಳಾರೆಗೆ ಹೋಗಿ, ಹಿಂದಿನ ಬಾಗಿಲಿನ ರಾಶಿಯಿಂದ ಮಾದರಿ ತೆಗೆದು ಸೀಲು ಹಾಕಿದರು, ಅಂಗಡಿಯ ಸರಕನ್ನೆಲ್ಲ ಜಪ್ತಿ ಮಾಡಿದರು. ಪ್ರಯೋಗಶಾಲೆಯಿಂದ ವರದಿ ಬಂತು: ಮೀನಿಗೆ ಮೆತ್ತಿದ್ದು ಗ್ಯಾಮೆಕ್ಸಿನ್ ಹುಡಿ, ಗೆದ್ದಲಿಗೆ, ಇರುವೆಗೆ ಹಾಕುವ ವಿಷ. ಆದದ್ದು ಹೀಗೆ. ರೈಗಳ ಗೋದಾಮಿನ ಮೂಟೆಗಳಿಗೆ ಹುಳ ಬಿದ್ದಿತ್ತು. ಅಡಿಕೆ ಚೀಲಕ್ಕೆ ಹಾಕುವ ಹುಡಿಯನ್ನು ಮೀನಿನ ಮೂಟೆಗೂ ಎರಚಿಸಿದರು. ಹುಳ ಸತ್ತಿತು, ಆದರೆ ಮೀನು ಬೆಳ್ಳಗಾಗಿ ಘಾಟು ಹೊಡೆಯಿತು. ಎದುರಿನ ಬಾಗಿಲಲ್ಲಿ ಇಟ್ಟರೆ ದುಡ್ಡಿದ್ದವರು ಮೂಸಿ ನೋಡುತ್ತಾರೆ. ಹಿಂದಿನ ಬಾಗಿಲಲ್ಲಿ ಮೂಸುವವರು ಯಾರು? ಅಲ್ಲಿಗೆ ಸುರಿಸಿದರು.

ಇದು ತಿಳಿದ ದಿನ ದುಗ್ಗಮ್ಮನಿಗೆ ನೆನಪಾದದ್ದು ದಾಸು ಅಲ್ಲ, ರೈಗಳ ಕಣ್ಣು. ಆ ಕಣ್ಣು ಅಷ್ಟು ವರ್ಷ ತನ್ನ ಮುಖ ನೋಡದೆ ತಕ್ಕಡಿ ನೋಡಿದ್ದು ಮರ್ಯಾದೆಯಿಂದ ಎಂದು ನಂಬಿದ್ದಳು. ವಿಷ ತೂಗುವಾಗಲೂ ಅದು ತಕ್ಕಡಿಯನ್ನೇ ನೋಡುತ್ತಿತ್ತಲ್ಲ.

ಪುತ್ತೂರಿನ ಕೋರ್ಟಿನಲ್ಲಿ ಕೇಸು ನಡೆಯಿತು. ರೈಗಳ ಪರ ವಕೀಲರು ಹೆಚ್ಚು ಬೆವರು ಸುರಿಸಲಿಲ್ಲ. ಹುಡಿ ಹಾಕಿದ್ದು ಹೌದು ಎಂದು ಮೊದಲ ದಿನವೇ ಒಪ್ಪಿದರು. ಆದರೆ ಸ್ವಾಮಿ, ಕಾನೂನು ಹೇಳುವುದು ಮನುಷ್ಯರು ತಿನ್ನುವ ಆಹಾರದ ಬಗ್ಗೆ. ನಮ್ಮ ಕಕ್ಷಿಗಾರರು ಮಾರಿದ್ದು ನಾಯಿಗೆ. ಹೆಸರೇ ನಾಯಿ ಪಾಲು. ಕೊಂಡವರು ನಾಯಿಗೆ ಎಂದು ಕೇಳಿ ಕೊಂಡಿದ್ದಾರೆ, ಸತ್ತದ್ದೂ ನಾಯಿ. ನಾಯಿ ಸತ್ತದ್ದಕ್ಕೆ ಬೇಕಾದರೆ ನಾಯಿಯ ಬೆಲೆ ಕೊಡೋಣ. ಸಾಕ್ಷಿಗೆ ಬಂದ ಹೆಂಗಸರೆಲ್ಲ ತಲೆ ತಗ್ಗಿಸಿ, ನಾಯಿಗೆ ಹೌದು, ಬೆಕ್ಕಿಗೆ ಹೌದು ಎಂದು ಹೇಳಿ ಇಳಿದು ಹೋದರು. ಉದಯಶಂಕರರ ಮುಖ ಸಣ್ಣದಾಯಿತು.

ಅವರು ಆಲೆಟ್ಟಿಗೆ ಬಂದರು. ಚಾವಡಿಯಲ್ಲಿ ಕೂತು, ಮೇದಪ್ಪ ತೋಟಕ್ಕೆ ಇಳಿಯುವ ತನಕ ಕಾದು, ದುಗ್ಗಮ್ಮನ ಹತ್ತಿರ ಬಿಚ್ಚಿ ಹೇಳಿದರು. ಒಬ್ಬರಾದರೂ ಕಟಕಟೆಯಲ್ಲಿ ನಿಂತು ಇದನ್ನು ನಾವು ತಿನ್ನುತ್ತೇವೆ, ರೈಗಳಿಗೂ ಅದು ಗೊತ್ತಿತ್ತು ಎಂದು ಹೇಳದಿದ್ದರೆ ಕೇಸು ಬಿದ್ದುಹೋಗುತ್ತದೆ. ಕೇಸು ಬಿದ್ದರೆ ಜಪ್ತಿಯಾದ ಸರಕೂ ಬಿಡುಗಡೆ, ಅದೇ ಗೋಣಿಯ ಮೇಲೆ ಅದೇ ರಾಶಿ. ನಿಮ್ಮ ಹೆಸರು ಸಾಕ್ಷಿಗಳಲ್ಲಿ ಉಂಟು, ಮುಂದಿನ ವಾಯಿದೆಗೆ ಬರಬೇಕು. ಎಂತ ಹೇಳುದು ಅಂತ ನಾನು ಹೇಳುದಿಲ್ಲ ಎಂದು ಎದ್ದು ಹೋದರು.

ಮರುವಾರ ಬೆಳ್ಳಾರೆಯಿಂದ ರೈಗಳ ಆಳು ಅಹ್ಮದ್ ಕುಂಞಿ ಬಂದ. ತೋಳಿನಲ್ಲಿ ಒಂದು ನಾಯಿಮರಿ. ಸಾಧಾರಣ ಮರಿಯಲ್ಲ, ಮಂಗಳೂರಿನ ಯಾವುದೋ ದೊರೆಯ ಬಂಗಲೆಯಿಂದ ತರಿಸಿದ ಜಾತಿ ನಾಯಿ, ಕಿವಿ ನೆಟ್ಟಗೆ, ಕುತ್ತಿಗೆಗೆ ಚರ್ಮದ ಪಟ್ಟಿ. ಅಕ್ಕನಿಗೆ ನಾಯಿ ಹೋದದ್ದಕ್ಕೆ ರೈಗಳಿಗೆ ತುಂಬ ಬೇಜಾರಾಗಿದೆ, ಇದನ್ನು ಇಟ್ಟುಕೊಳ್ಳಬೇಕಂತೆ ಎಂದು ಹೇಳಿ ತಾನೇ ನೆಲ ನೋಡಿದ. ಮರಿ ದುಗ್ಗಮ್ಮನ ಕಾಲು ನೆಕ್ಕಿತು. ಅವಳು ಅದನ್ನು ಎತ್ತಿ, ತಲೆ ಸವರಿ, ಅಹ್ಮದ್ ಕುಂಞಿಯ ತೋಳಿಗೆ ಮತ್ತೆ ಹಾಕಿದಳು.

"ಇದಕ್ಕೆ ತಿನ್ನಲಿಕ್ಕೆ ಎಲ್ಲಿಂದ ತರುದು ಅಂತ ರೈಗಳ ಹತ್ರ ಕೇಳಿಕೊಂಡು ಬಾ. ಅವರ ಅಂಗಡಿಯದ್ದು ನಾನು ಹಾಕುದಿಲ್ಲ."

ಇದನ್ನೆಲ್ಲ ಮೇದಪ್ಪ ಚಾವಡಿಯಿಂದ ನೋಡುತ್ತಿದ್ದ. ಮರಿ ಹೋದ ಮೇಲೆ ಶುರು ಮಾಡಿದ. ಕೋರ್ಟು, ಕಚೇರಿ, ಇದೆಲ್ಲ ನಮ್ಮ ಮನೆಯ ಹೆಂಗಸರಿಗೆ ಹೇಳಿದ್ದಲ್ಲ. ಹೋಗಲೇಬೇಕಾದರೆ ಹೋಗಿ, ನಾಯಿಗೆ ಎಂದು ಹೇಳಿ, ಬಸ್ಸು ಹತ್ತಿ ಬರುವುದು. ಅದರಲ್ಲೂ ಈಗ. ಲೋಲಾಕ್ಷಿಗೆ ಕಡಬದಿಂದ ಸಂಬಂಧ ಬಂದಿತ್ತು. ಹುಡುಗ ಚೆನ್ನಕೇಶವ, ಒಳ್ಳೆಯ ಮನೆತನ, ಹುಡುಗನ ತಾಯಿ ಕಮಲಾವತಿ ಎಂದರೆ ಮಾತಿನಲ್ಲಿ ಬಿಗಿ, ಲೆಕ್ಕದಲ್ಲಿ ಬಿಗಿ. ಒಂದು ಸಲ ಬಂದು ನೋಡಿ ಹೋಗಿದ್ದಳು, ಇನ್ನೂ ಹ್ಞೂಂ ಎಂದಿರಲಿಲ್ಲ. ನಾಯಿ ಪಾಲು ತಿನ್ನುವ ಮನೆಯ ಹೆಣ್ಣನ್ನು ಯಾರು ತೆಗೆದುಕೊಂಡು ಹೋಗುತ್ತಾರೆ ಎಂದ ಮೇದಪ್ಪ. ನಾವು ತಿನ್ನದ್ದನ್ನು ತಿಂದೆವು ಅಂತ ಹೇಳಿ ಮನೆಯ ಮಾನವನ್ನು ಪುತ್ತೂರು ಪೇಟೆಯಲ್ಲಿ ಹರಾಜು ಹಾಕುದಾ?

ದುಗ್ಗಮ್ಮ ಅವನ ಎದುರು ಅಷ್ಟು ವರ್ಷ ಸ್ವರ ಎತ್ತಿದವಳಲ್ಲ. ಅವತ್ತೂ ಎತ್ತಲಿಲ್ಲ.

"ಭಾವ, ನೀವು ಎರಡೆರಡು ಸಲ ಹಾಕಿಸಿಕೊಂಡು ತಿಂತಾ ಇದ್ದದ್ದು ಯಾವುದು ಅಂತ ಗ್ರಹಿಸಿದ್ದೀರಿ?"

ಮೇದಪ್ಪ ಎಲೆ ಅಡಿಕೆಯ ತಟ್ಟೆ ಹತ್ತಿರ ಎಳೆದುಕೊಂಡ, ಅದನ್ನು ಮತ್ತೆ ದೂರ ತಳ್ಳಿದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲವೋ, ಗೊತ್ತಿಲ್ಲದಂತೆ ಇರುವುದೇ ಅಭ್ಯಾಸವಾಗಿತ್ತೋ, ಅದು ಅವನಿಗೇ ತಿಳಿಯಬೇಕು. ಅವತ್ತಿನ ರಾತ್ರಿ ಗಂಜಿಗೆ ಉಪ್ಪಿನಕಾಯಿ ಸಾಕು ಎಂದ.

ಮೇದಪ್ಪನನ್ನು ಸುಮ್ಮನಿರಿಸಿದಷ್ಟು ಸುಲಭದಲ್ಲಿ ದುಗ್ಗಮ್ಮನಿಗೆ ತನ್ನನ್ನು ಸುಮ್ಮನಿರಿಸಲು ಆಗಲಿಲ್ಲ. ಅವನು ಹೇಳಿದ್ದು ಸುಳ್ಳಲ್ಲ. ಕಡಬದವರು ಕೇಳಿಯೇ ಕೇಳುತ್ತಾರೆ. ತನ್ನ ಸಿಟ್ಟಿಗೆ ಮಗಳ ಬಾಳು ಬೆಲೆ ತೆರಬೇಕೇ? ವಾಯಿದೆಯ ಹಿಂದಿನ ದಿನ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುವಾಗ ಲೋಲಾಕ್ಷಿಯ ಹತ್ತಿರವೇ ಕೇಳಿದಳು, ನಾಳೆ ನಾನು ಎಂತ ಹೇಳಲಿ ಮಗಳೇ ಎಂದು. ಲೋಲಾಕ್ಷಿ ಕೈಯಲ್ಲಿದ್ದ ಸೀರೆಯನ್ನು ಹಿಂಡಿ, ಕೊಡವಿ, ಹಗ್ಗಕ್ಕೆ ಹಾಕಿ ಬಂದಳು. ಅವಳು ಅಳುತ್ತಾಳೆ ಎಂದು ದುಗ್ಗಮ್ಮ ಎಣಿಸಿದ್ದಳು.

"ಇದ್ದದ್ದು ಹೇಳು ಅಮ್ಮ. ಇಲ್ಲದಿದ್ರೆ ನಾನು ಹೋದ ಮನೆಯಲ್ಲಿಯೂ ನಾಯಿಗೆ ಅಂತ ಹೇಳಿಕೊಂಡೇ ತಿನ್ನಬೇಕಲ್ಲ."

ಕೋರ್ಟಿಗೆ ಹೋಗುವಾಗ ದುಗ್ಗಮ್ಮ ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟಳು. ಸುಮ್ಮನೆ ಅಲ್ಲ. ಬಡವಿ ಬಂದು ಗೋಗರೆದಳು ಎಂದು ಯಾರಿಗೂ ಅನ್ನಿಸಬಾರದಿತ್ತು. ಬಸ್ಸಿನಲ್ಲಿ ಪಕ್ಕಕ್ಕೆ ಬೀಫಾತುಮ್ಮ, ಅವಳಿಗೂ ಅದೇ ದಿನ ಸಾಕ್ಷಿ. ಅವಳು ದಾರಿಯುದ್ದಕ್ಕೂ ಅಣಬೆಯ ಕತೆಯನ್ನೇ ಮನಸ್ಸಿನಲ್ಲಿ ಬಾಯಿಪಾಠ ಮಾಡುತ್ತಿದ್ದ ಹಾಗೆ ಕಾಣುತ್ತಿತ್ತು. ಮೇದಪ್ಪ ಬರುವುದಿಲ್ಲ ಎಂದಿದ್ದ, ಆದರೆ ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಮುಂಡಾಸು ಕಣ್ಣ ತನಕ ಎಳೆದುಕೊಂಡು ಕೂತಿದ್ದ.

ಕೋರ್ಟಿನ ಹಾಲಿನಲ್ಲಿ ಬೆಳ್ಳಾರೆಯ ಅರ್ಧ ಪೇಟೆ ನೆರೆದಿತ್ತು. ರೈಗಳು ಬಿಳಿ ಅಂಗಿ ಹಾಕಿ, ಕೈ ಮುಂದೆ ಕಟ್ಟಿಕೊಂಡು ನಿಂತಿದ್ದರು. ದುಗ್ಗಮ್ಮನನ್ನು ಕಂಡು ಅದೇ ಮರ್ಯಾದೆಯಲ್ಲಿ ಕಣ್ಣು ತಗ್ಗಿಸಿದರು. ಅವಳು ಕಟಕಟೆ ಹತ್ತಿ ಪ್ರಮಾಣ ಮಾಡಿದಳು. ರೈಗಳ ವಕೀಲರು ಹೂವಿನ ಹಾಗೆ ಮೆತ್ತಗೆ ಕೇಳಿದರು, ಅಂಗಡಿಯಲ್ಲಿ ನೀವು ಏನೆಂದು ಹೇಳಿ ಕೊಂಡಿರಿ ಅಮ್ಮ? ನಾಯಿಗೆ ಅಂತ ಎಂದಳು. ಅಂಗಡಿಯವರು ಏನು ಕೇಳಿದರು? ನಾಯಿಗಾ ಅಕ್ಕ ಅಂತ ಕೇಳಿದರು. ನಿಮ್ಮ ಮನೆಯಲ್ಲಿ ಸತ್ತದ್ದು ಏನು? ನಾಯಿ. ವಕೀಲರು ಮ್ಯಾಜಿಸ್ಟ್ರೇಟರ ಕಡೆ ತಿರುಗಿ, ಇನ್ನೇನೂ ಕೇಳುವುದಿಲ್ಲ ಸ್ವಾಮಿ ಎಂದು ನಕ್ಕು ಕೂತರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಮ್ಯಾಜಿಸ್ಟ್ರೇಟರು ಘಟ್ಟದ ಮೇಲಿನವರು, ವಯಸ್ಸಾದವರು. ದುಗ್ಗಮ್ಮ ಇಳಿಯದೆ ನಿಂತೇ ಇದ್ದುದನ್ನು ಕಂಡು, ಇನ್ನೇನಾದರೂ ಹೇಳುವುದಿದೆಯೇನಮ್ಮ ಎಂದು ಕೇಳಿದರು.

"ಉಂಟು," ಎಂದಳು ದುಗ್ಗಮ್ಮ. "ಆ ಮೀನು ನಾವು ತಿನ್ನುದು. ನಾನು, ನನ್ನ ಮಗಳು, ನನ್ನ ಭಾವ. ತಲೆ ಮಾತ್ರ ನಾಯಿಗೆ. ಎಷ್ಟೋ ವರ್ಷದಿಂದ ತಿಂತಾ ಇದ್ದೇವೆ."

ವಕೀಲರು ಎದ್ದು ನಿಂತು, ಹಾಗಾದರೆ ಅಂಗಡಿಯಲ್ಲಿ ಸುಳ್ಳು ಹೇಳಿದ್ದಾ, ಸುಳ್ಳು ಹೇಳಿದವರನ್ನು ನಮ್ಮ ಕಕ್ಷಿಗಾರರು ನಂಬಿದ್ದೇ ತಪ್ಪಾ ಎಂದರು. ಮೆತ್ತಗಿನ ದನಿ ಈಗ ಇರಲಿಲ್ಲ.

"ನಾನು ಸುಳ್ಳು ಹೇಳಿದ್ದು ಹೌದು. ರೈಗಳು ನಂಬಿದ್ದು ಸುಳ್ಳು." ದುಗ್ಗಮ್ಮ ಮೊದಲ ಬಾರಿಗೆ ರೈಗಳ ಮುಖವನ್ನೇ ನೋಡಿ ಮಾತಾಡಿದಳು. "ರೈಗಳೇ, ನಮ್ಮ ಮೊದಲಿನ ನಾಯಿಯನ್ನು ಚಿರತೆ ಕೊಂಡುಹೋದದ್ದು ನಿಮಗೆ ಗೊತ್ತಿತ್ತಲ್ಲ? ಅಯ್ಯೋ ಅಂತ ಹೇಳಿದ್ದು ನೀವೇ ಅಲ್ವಾ? ಅದೇ ಬಾಯಲ್ಲಿ ನಾಯಿಗಾ ಅಕ್ಕ ಅಂತ ಕೇಳಿ ತೂಗಿ ಕೊಟ್ಟದ್ದೂ ನೀವೇ. ಅದರ ನಂತರ ಎರಡು ಮಳೆಗಾಲ ನಮ್ಮಲ್ಲಿ ನಾಯಿಯೇ ಇರಲಿಲ್ಲ. ವಾರ ವಾರ ನೀವು ಯಾರಿಗೆ ತೂಗಿ ಕೊಟ್ಟದ್ದು? ಉಪ್ಪು ಜಾಸ್ತಿ ಉಂಟು, ಹುಳಿ ಹೆಚ್ಚು ಹಾಕಿ ಅಂತ ಯಾವ ನಾಯಿಗೆ ಹೇಳಿದ್ದು? ನನ್ನ ಮಾನ ಉಳಿಸ್ತಾ ಇದ್ದೀರಿ ಅಂತ ನಾನು ಗ್ರಹಿಸಿದ್ದೆ. ವಿಷ ಹಾಕಲಿಕ್ಕೆ ನಿಮಗೆ ನಮ್ಮ ಮಾನವೇ ಬೇಕಾಯ್ತಲ್ಲ."

ಮ್ಯಾಜಿಸ್ಟ್ರೇಟರು ಬರೆದುಕೊಳ್ಳುವುದನ್ನು ನಿಲ್ಲಿಸಿ, ಈ ಚಿರತೆಯ ವಿಷಯ ಹೌದೇನ್ರೀ ಎಂದು ರೈಗಳನ್ನು ಕೇಳಿದರು. ವಕೀಲರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ರೈಗಳು, ಅಭ್ಯಾಸದ ಬಲವೋ ಏನೋ, ಒಳ್ಳೆ ನಾಯಿ ಆಗಿತ್ತು ಸ್ವಾಮಿ ಎಂದುಬಿಟ್ಟರು. ಅಲ್ಲಿಗೆ ಮುಗಿಯಿತು.

ಮುಂದಿನ ಸಾಕ್ಷಿ ಬೀಫಾತುಮ್ಮ. ಕಟಕಟೆಯ ಕಂಬಿಯನ್ನು ನಡುಗುವ ಕೈಯಲ್ಲಿ ಹಿಡಿದುಕೊಂಡಳು. ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದ ಅಣಬೆಯ ಹೆಸರು ಎತ್ತಲೇ ಇಲ್ಲ. ಬೆಕ್ಕಿಗೆ ನಾನು ಒಂದು ಮುಳ್ಳೂ ಹಾಕಿದವಳಲ್ಲ, ಎಲ್ಲ ನಾನೇ ತಿಂದದ್ದು ಎಂದು ಹೇಳಿ ಇಳಿದಳು. ಮ್ಯಾಜಿಸ್ಟ್ರೇಟರು ಅವಳ ಕೈಯನ್ನೇ ನೋಡುತ್ತಿದ್ದರು.

ತೀರ್ಪು ಬರುವಾಗ ಮಳೆ ಹಿಡಿದಿತ್ತು. ಸಾವಿರದೈನೂರು ರೂಪಾಯಿ ದಂಡ, ಮೂರು ತಿಂಗಳು ಸಜೆ, ಜಪ್ತಿಯಾದ ಸರಕೆಲ್ಲ ಮಣ್ಣುಪಾಲು. ಸಾವಿರದೈನೂರು ಎಂದರೆ ಆ ಕಾಲಕ್ಕೆ ಒಂದು ಮನೆ ಕಟ್ಟಿಸಬಹುದಿತ್ತು. ರೈಗಳು ಮಂಗಳೂರಿಗೆ ಅಪೀಲು ಹೋದರು. ಅಲ್ಲಿ ಸಜೆ ಒಂದು ತಿಂಗಳಿಗೆ ಇಳಿಯಿತು, ದಂಡ ಒಂದು ಕಾಸೂ ಇಳಿಯಲಿಲ್ಲ. ಅಂಗಡಿಯ ಲೈಸೆನ್ಸು ರದ್ದಾಯಿತು. ದಂಡಕ್ಕೂ ವಕೀಲರಿಗೂ ಸೇರಿಸಿ ಜೀಪು ಮಾರಿದರು, ಆಮೇಲೆ ಗೋದಾಮು. ಹಿಂದಿನ ಬಾಗಿಲಿಗೆ ಯಾರೋ ಹಲಗೆ ಹೊಡೆದರು. ಪಾಪ ಎಂದವರೂ ಇದ್ದರು. ಗುಂಡಿ ತೋಡಿ ಮೀನು ಹೂಳುವಾಗ ಅದರ ಮೇಲೆ ಹಸಿ ಸೆಗಣಿ ಸುರಿದು, ನಾಯಿಯೂ ಕೆದಕದ ಹಾಗೆ ಮಾಡಿಸಿದ್ದು ಉದಯಶಂಕರರು. ಪಾಪ ಎನ್ನುವವರು ಬೀಫಾತುಮ್ಮನ ಮನೆಗೆ ಹೋಗಿ ಅವಳು ಚಾ ಕುಡಿಯುವುದನ್ನು ಒಂದು ಸಲ ನೋಡಿ ಬರಬಹುದಿತ್ತು.

ಕೋರ್ಟಿನ ಮಾತು ಕಡಬ ಮುಟ್ಟಲು ಎಷ್ಟು ಹೊತ್ತು ಬೇಕು? ಸಂಬಂಧದ ಕಡೆಯಿಂದ ಸುದ್ದಿಯೇ ಇಲ್ಲದೆ, ಶುಭಕಾರ್ಯ ಮಾಡದ ಆಟಿ ತಿಂಗಳೂ ಕಳೆಯಿತು. ಆಮೇಲೆ ಒಂದು ದಿನ ಹೇಳಿ ಕಳಿಸದೆ, ಜೊತೆಗೆ ಯಾರನ್ನೂ ಕರೆಯದೆ, ಕಮಲಾವತಿ ಒಬ್ಬಳೇ ಬಸ್ಸಿಳಿದು ಬಾಳೆಕೋಡಿಯ ಅಂಗಳದಲ್ಲಿ ನಿಂತಳು. ಸಂಬಂಧ ಮುರಿಯಲಿಕ್ಕೇ ಬಂದದ್ದು ಎಂದು ಮೇದಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ಪಿಸುಗುಟ್ಟಿದ. ಕೋಳಿ ಹಿಡಿದು ಕೊಯ್ಯುವ, ನೆರೆಮನೆಯಿಂದ ಒಳ್ಳೆಯ ಅಕ್ಕಿ ತರುವ ಎಂದ. ಏನೂ ಬೇಡ ಎಂದಳು ದುಗ್ಗಮ್ಮ.

ಮನೆಯಲ್ಲಿ ಆ ವಾರದ ಒಣಮೀನು ಇತ್ತು. ಸುಳ್ಯದಿಂದ ತಂದದ್ದು, ನುಚ್ಚೇ, ಆದರೆ ತೊಳೆದರೆ ಶುದ್ಧ. ತೀರ್ಪಿನ ನಂತರ ಅವಳು ಬೆಳ್ಳಾರೆ ಬಸ್ಸು ಹತ್ತುವುದನ್ನು ಬಿಟ್ಟಿದ್ದಳು. ಸುಳ್ಯದ ಅಂಗಡಿಯ ಎದುರಿನ ಬಾಗಿಲಲ್ಲಿಯೇ ನಿಂತು, ನಾಲ್ಕು ಜನಕ್ಕೆ ಕೇಳುವ ಹಾಗೆ, ನುಚ್ಚು ಕೊಡಿ, ಮನೆಗೆ ಎನ್ನುತ್ತಿದ್ದಳು. ಮೊದಲ ಸಲ ಅಂಗಡಿಯವನು ಕಕ್ಕಾಬಿಕ್ಕಿಯಾದ. ಈಗ ಬೇರೆ ಹೆಂಗಸರೂ ಹಾಗೆಯೇ ಕೇಳಲು ಶುರು ಮಾಡಿದ್ದರು. ಅವಳು ಅದೇ ಮೀನನ್ನು ಕೆಂಡದಲ್ಲಿ ಸುಟ್ಟು, ಕಾಯಿ ಮೆಣಸು ಹುಳಿ ಹಾಕಿ ಚಟ್ನಿ ಕಡೆದಳು. ತಿಂದರೆ ತಿನ್ನಲಿ, ಎದ್ದು ಹೋದರೆ ಹೋಗಲಿ. ಬಡಿಸುವಾಗ ಚಟ್ನಿಯನ್ನು ಬಾಳೆಲೆಯ ತುದಿಯಲ್ಲಿ ಮರೆಸಿಡದೆ ನಡುವಿನಲ್ಲಿಯೇ ಇಟ್ಟಳು.

ಕಮಲಾವತಿ ಎಲೆಯನ್ನು ನೋಡಿದಳು, ದುಗ್ಗಮ್ಮನನ್ನು ನೋಡಿದಳು. ಲೋಲಾಕ್ಷಿ ಬಾಗಿಲ ಬಳಿ ನೀರಿನ ಚೆಂಬು ಹಿಡಿದು ನಿಂತಿದ್ದಳು. ಮೇದಪ್ಪ ಚಾವಡಿಯಿಂದಲೇ ಕೆಮ್ಮಿದ. ಕಮಲಾವತಿ ಮೊದಲು ಅನ್ನಕ್ಕೆ ಸಾರು ಕಲಸದೆ ಚಟ್ನಿಯನ್ನೇ ಬೆರಳಲ್ಲಿ ತೆಗೆದು ಬಾಯಿಗಿಟ್ಟುಕೊಂಡಳು. ನಿಧಾನವಾಗಿ ತಿಂದಳು. ಎಲೆಯ ಮೇಲಿದ್ದದ್ದು ಮುಗಿದ ಮೇಲೆ ಇನ್ನು ಸ್ವಲ್ಪ ಹಾಕಿ ಎಂದಳು. ದುಗ್ಗಮ್ಮ ಹಾಕಿದಳು.

"ನೀವು ಕೋರ್ಟಿನಲ್ಲಿ ಹೇಳಿದ್ದನ್ನು ನಮ್ಮ ಕಡೆಯವರು ಬಂದು ಹೇಳಿದ್ರು," ಎಂದಳು ಕಮಲಾವತಿ, ಎಲೆಯಿಂದ ಕಣ್ಣೆತ್ತದೆ. "ನಾನು ಮದುವೆ ಆಗಿ ಬಂದಲ್ಲಿಂದ ಬೆಳ್ಳಾರೆಗೆ ಹೋಗಿ ನಾಯಿಗೆ ಅಂತ ಹೇಳಿ ತರ್ತಾ ಇದ್ದೆ. ರೈಗಳು ನನ್ನ ಹತ್ರವೂ ಹಾಗೆಯೇ ಕೇಳ್ತಾ ಇದ್ರು. ನಮ್ಮ ಮನೆಯಲ್ಲಿ ನಾಯಿ ಸಾಕಿದ್ದೇ ಇಲ್ಲ ಅಕ್ಕ."

ಆಮೇಲೆ ಲೋಲಾಕ್ಷಿಯ ಕಡೆ ತಿರುಗಿ, ನೀನೂ ಎಲೆ ಹಾಕಿಕೋ, ಬಾ, ಇಲ್ಲಿ ನನ್ನ ಪಕ್ಕದಲ್ಲಿ ಕೂತುಕೋ ಎಂದಳು.